ಟೇಪು ಸುರುಳಿಯಲ್ಲಿ ಉಳಿದ ಹಾಡುಗಾರ

1980ರ ಜುಲೈ. ಮಾಸ್ಕೊ ನಗರ ಒಲಿಂಪಿಕ್ಸ್ ಸಡಗರದಲ್ಲಿ ಮುಳುಗಿತ್ತು. ಅದರ ನಡುವೆಯೇ 25ರ ನಸುಕಿನಲ್ಲಿ ವ್ಲಾದಿಮಿರ್ ವಿಸೋತ್ಸ್ಕಿ ತೀರಿಕೊಂಡರು. ವಯಸ್ಸು ಬರೀ 42. ತಾವೇ ಹಾಡು ಕಟ್ಟಿ, ಗಿಟಾರ್ ಮೀಟುತ್ತ ಒರಟು ದನಿಯಲ್ಲಿ ಹಾಡುತ್ತಿದ್ದವರು. ಸೋವಿಯತ್ ಪತ್ರಿಕೆಗಳಿಗೆ ಇದು ದೊಡ್ಡ ಸುದ್ದಿಯೇ ಆಗಲಿಲ್ಲ. ಮೂಲೆಯಲ್ಲೊಂದು ಪುಟ್ಟ ಪ್ರಕಟಣೆ ಬಂತು, ಅಷ್ಟೆ. ಆದರೂ 28ರಂದು, ಅವರು ನಟರಾಗಿದ್ದ ತಗಾಂಕಾ ರಂಗಮಂದಿರದ ಮುಂದೆ ಹತ್ತಾರು ಸಾವಿರ ಜನ ಸೇರಿದ್ದರು. ಹೂ ಹಿಡಿದು ಸಾಲುಗಟ್ಟಿದರು. ಜಾಗ ಸಿಗದವರು ಮಾಡು ಹತ್ತಿದರು.

ಇಷ್ಟು ಜನರಿಗೆ ಅವರು ಹತ್ತಿರವಾದದ್ದು ಹೇಗೆ? ಅವರ ಜೀವಿತಾವಧಿಯಲ್ಲಿ ಸರ್ಕಾರಿ ಕಂಪನಿ ಮೆಲೋದಿಯಾ ಅಲ್ಲಿ ಹೊರತಂದದ್ದು ಬೆರಳೆಣಿಕೆಯ ಪುಟ್ಟ ತಟ್ಟೆಗಳನ್ನು ಮಾತ್ರ. ಕವಿತೆಗಳ ಸಂಕಲನವಂತೂ ಒಂದೂ ಬರಲಿಲ್ಲ. ಅವರು ಕಟ್ಟಿದ್ದು ನೂರಾರು ಹಾಡು!

ಆ ಕೆಲಸವನ್ನು ಕೇಳುಗರೇ ಮಾಡಿದರು. ಗೆಳೆಯರ ಮನೆಯಲ್ಲೋ ಯಾವುದೋ ಸಂಸ್ಥೆಯ ಸಭಾಂಗಣದಲ್ಲೋ ವಿಸೋತ್ಸ್ಕಿ ಹಾಡಲು ಕುಳಿತರೆ ಮುಂದೆ ಟೇಪ್ ರೆಕಾರ್ಡರ್ ತಿರುಗುತ್ತಿತ್ತು. ಒಬ್ಬರ ಸುರುಳಿಯಿಂದ ಇನ್ನೊಬ್ಬರ ಸುರುಳಿಗೆ, ಅಲ್ಲಿಂದ ಮತ್ತೊಂದು ಊರಿಗೆ ಹಾಡು ದಾಟುತ್ತಿತ್ತು. ಪ್ರತಿ ನಕಲಿಗೂ ಗೊರಗೊರ ಸದ್ದು ಹೆಚ್ಚುತ್ತಿತ್ತು. ಮೊದಲೇ ಒರಟಾದ ಆ ಕಂಠಕ್ಕೆ ಅದೇನೂ ಊನವೆನಿಸಲಿಲ್ಲ. ಗೆಳೆಯರಿಂದ ಕ್ಯಾಸೆಟ್ ಎರವಲು ತಂದು ರಾತ್ರೋರಾತ್ರಿ ನಕಲು ಮಾಡಿಕೊಂಡ ನೆನಪು ನಮ್ಮ ಅಪ್ಪ ಅಮ್ಮಂದಿರಲ್ಲೂ ಹಲವರಿಗಿದ್ದೀತು. ಆದರೆ ಅಲ್ಲಿ ಅಂಗಡಿಯಲ್ಲಿ ಕೊಳ್ಳುವ ದಾರಿಯೇ ಹೆಚ್ಚುಕಡಿಮೆ ಇರಲಿಲ್ಲ.

ಸೈನಿಕ, ಖೈದಿ, ಪರ್ವತಾರೋಹಿ, ಕುಡುಕ, ಎಲ್ಲರ ಬಾಯಲ್ಲೂ ‘ನಾನು’ ಎಂದೇ ಅವರು ಹಾಡು ಕಟ್ಟಿದರು. 1938ರಲ್ಲಿ ಹುಟ್ಟಿದವರು, ಎರಡನೇ ಮಹಾಯುದ್ಧ ಮುಗಿದಾಗ ಏಳು ವರ್ಷದ ಹುಡುಗ. ಆದರೂ ಯುದ್ಧದ ಹಾಡು ಕೇಳಿದ ಮಾಜಿ ಸೈನಿಕರು ಇವನು ನಮ್ಮ ಜೊತೆಗಿದ್ದವನೇ ಎಂದು ನಂಬಿದ್ದುಂಟು.

ಬದುಕು ಹಾಡಿನಷ್ಟು ಗಟ್ಟಿಯಾಗಿರಲಿಲ್ಲ. ಕುಡಿತ, ಆಮೇಲೆ ಮಾದಕ ವಸ್ತು ಅವರ ದೇಹವನ್ನು ತಿಂದುಹಾಕಿದವು. ಅಭಿಮಾನದ ನೆಪದಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ.

ಸಾವಿನ ಮರುವರ್ಷ, 1981ರಲ್ಲಿ, ‘ನೆರ್ವ್’ ಎಂಬ ಸಂಕಲನ ಅಚ್ಚಾಯಿತು. 1987ರಲ್ಲಿ ಸರ್ಕಾರವೇ ಮರಣೋತ್ತರವಾಗಿ ರಾಜ್ಯ ಪ್ರಶಸ್ತಿ ಕೊಟ್ಟಿತು. ಅದೇ ಮೆಲೋದಿಯಾ ಕಂಪನಿ ಅವರ ಸಭೆಗಳ ಧ್ವನಿಮುದ್ರಣಗಳನ್ನು ಸಾಲಾಗಿ 21 ತಟ್ಟೆಗಳಲ್ಲಿ ತಂದಿತು. ಅಷ್ಟರಲ್ಲಿ ಹವ್ಯಾಸಿ ಸಂಗ್ರಾಹಕರು ಸುರುಳಿಗಳನ್ನು ಒಟ್ಟುಹಾಕಿ, ತಾರೀಖು ಗುರುತಿಸಿ, ಪದಪದ ತಾಳೆ ನೋಡತೊಡಗಿದ್ದರು. ಒಂದೇ ಹಾಡು ಒಂದೊಂದು ಸಭೆಯಲ್ಲಿ ಒಂದೊಂದು ಪಾಠ! ಪರೀಕ್ಷೆ ಇಲ್ಲ, ಪದವಿ ಇಲ್ಲ; ಆದರೂ ಅಭಿಮಾನಿಗಳು ಮಾಡಿದ್ದು ಅಪ್ಪಟ ಗ್ರಂಥಸಂಪಾದನೆ.

ವಗಾಂಕೊವೊ ಸ್ಮಶಾನದ ಸಮಾಧಿಯ ಮೇಲೆ 1985ರಲ್ಲಿ ಪ್ರತಿಮೆ ಎದ್ದಿತು. ಮೈಗೆ ಬಿಗಿದ ಬಟ್ಟೆಯಿಂದ ಕೊಸರಿಕೊಳ್ಳುವ ಭಂಗಿ, ತಲೆಯ ಹಿಂದೆ ಗಿಟಾರ್. ಪತ್ನಿ, ಫ್ರೆಂಚ್ ನಟಿ ಮರೀನಾ ವ್ಲಾದಿಗೆ ಅದು ಕಿಂಚಿತ್ತೂ ಹಿಡಿಸಲಿಲ್ಲ. ಅಭಿಮಾನಿಗಳು ಹೂ ತಂದಿಡುವುದು ಮಾತ್ರ ಅದರ ಕಾಲ ಬುಡದಲ್ಲೇ. ಜುಲೈ 25 ಬಂದರೆ ಅಲ್ಲಿ ಹೂವಿನ ರಾಶಿ.