ಭರತಪುರದ ಘನಾ ಮತ್ತು ಮಲೆನಾಡಿನ ಮಂಗನ ಕಾಯಿಲೆ

ದೆಹಲಿಯಲ್ಲಿ ನೆಲಸಿರುವ ಕನ್ನಡಿಗರಿಗೆ ಭರತಪುರದ ಕೇವಲಾದೇವ ಘನಾ ಚಳಿಗಾಲದ ವಿಹಾರಸ್ಥಾನವೆಂದು ಪರಿಚಿತವಾಗಿದೆ. 2013ರಲ್ಲಿ ರಾಷ್ಟ್ರೀಯ ರಾಜಧಾನಿ ವಲಯಕ್ಕೆ ಸೇರಿದ ಭರತಪುರ ಜಿಲ್ಲೆಯ ಈ ಜೌಗುವನದ ವಿಸ್ತಾರ ಸುಮಾರು 29 ಚದರ ಕಿಲೋಮೀಟರು. ಇದು ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರ (1896–1987) ಸಂಶೋಧನಭೂಮಿಯಾಗಿದ್ದಿತೆಂಬುದು ಹಲವರಿಗೆ ತಿಳಿದ ಸಂಗತಿಯೇ. ಆದರೆ ಆ ಸಂಶೋಧನೆಗೆ ಪ್ರೇರಣೆ ಒದಗಿದ್ದು ನಮ್ಮ ಮಲೆನಾಡಿನಿಂದ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರೂ ಉಗ್ರಜ್ವರಕ್ಕೆ ತುತ್ತಾದರು. ಉಣುಗಿನ ಕಡಿತದಿಂದ ಹರಡುವ ಈ ರೋಗದ ವೈರಸ್ಸು ರಷ್ಯಾದ ಮಿದುಳುಜ್ವರದ ವೈರಸ್ಸಿಗೆ ಸಮೀಪವಾದುದೆಂದು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಕಂಡುಕೊಂಡರು. ಹಾಗಾದರೆ ಉತ್ತರದಿಂದ ಬರುವ ವಲಸೆಹಕ್ಕಿಗಳು ಮೈಗಂಟಿದ ಉಣುಗುಗಳೊಡನೆ ರೋಗವನ್ನೂ ತಂದಿರಬಹುದೆ? ಈ ಸಂದೇಹದ ನಿವಾರಣೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯು ನೆರವಿತ್ತಿತು. ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಾಲಿಂ ಅಲಿಯವರ ನೇತೃತ್ವದಲ್ಲಿ ಪಕ್ಷಿವಲಸೆಯ ಅಧ್ಯಯನವನ್ನು ಕೈಗೊಂಡಿತು. 1960ರ ದಶಕದಲ್ಲಿ ಭರತಪುರವು ಅದರ ಮುಖ್ಯ ಶಿಬಿರಗಳಲ್ಲೊಂದಾಯಿತು.

ಕೆಲಸದ ಕ್ರಮ ಸರಳವಾದುದು. ಬಿಹಾರದ ಮೀರ್‌ಶಿಕಾರ್ ಜನರ ಪರಂಪರಾಗತ ಕೌಶಲದಿಂದ ಹಕ್ಕಿಗಳನ್ನು ನೋಯಿಸದೆ ಹಿಡಿಯುವುದು. ಉಣುಗು ಮತ್ತು ರಕ್ತವನ್ನು ಸಂಗ್ರಹಿಸುವುದು. ಸಂಖ್ಯೆಯುಳ್ಳ ಅಲ್ಯೂಮಿನಿಯಂ ಉಂಗುರವನ್ನು ಕಾಲಿಗೆ ತೊಡಿಸಿ ಹಾರಬಿಡುವುದು. ಬ್ಯಾಂಕಿನ ಖಾತೆಯಲ್ಲಿ ಪ್ರತಿ ನಮೂದಿಗೂ ಸಂಖ್ಯೆಯಿರುವಂತೆ ಇಲ್ಲಿ ಪ್ರತಿ ಹಕ್ಕಿಗೂ ಒಂದು ಸಂಖ್ಯೆ. ಉಂಗುರ ತೊಟ್ಟ ಬಾತುಗಳು ಮುಂದೆ ಸೈಬೀರಿಯ, ಮಧ್ಯ ಏಷ್ಯಗಳಲ್ಲಿ ದೊರೆತು, ವಲಸೆಯ ಮಾರ್ಗಗಳು ಸ್ಪಷ್ಟವಾದವು. ಆದರೆ ಮಂಗನ ಕಾಯಿಲೆಯನ್ನು ಹಕ್ಕಿಗಳೇ ತಂದವೆಂಬುದಕ್ಕೆ ಆಧಾರ ಸಿಕ್ಕಲಿಲ್ಲ.

ಇಂದು ಘನಾದ ದಾರಿಗಳಲ್ಲಿ ತರಬೇತಿ ಪಡೆದ ರಿಕ್ಷಾದವರೇ ಮಾರ್ಗದರ್ಶಕರಾಗಿರುತ್ತಾರೆ. ಅವರು ಕೇವಲಾದೇವ ಗುಡಿಯ ಬಳಿಯ ಶಿಲಾಫಲಕಗಳನ್ನು ತೋರಿಸದೆ ಬಿಡುವುದಿಲ್ಲ. 1938ರ ನವೆಂಬರ್ 12ರಂದು, ವೈಸರಾಯ್ ಲಿನ್‌ಲಿತ್‌ಗೋ ಅತಿಥಿಯಾಗಿದ್ದ ಬೇಟೆಯಲ್ಲಿ, ಒಂದೇ ದಿನ 4,273 ಹಕ್ಕಿಗಳು ಬಲಿಯಾದುದು ಅಲ್ಲಿ ದಾಖಲಾಗಿದೆ.

ಈ ನೆಲವು ಕಲಿಸುವ ಇನ್ನೊಂದು ಪಾಠ ಹೆಚ್ಚು ಗಹನವಾದುದು. 1982ರಲ್ಲಿ ಇಲ್ಲಿ ಎಮ್ಮೆ ದನಗಳ ಮೇಯುವಿಕೆಯನ್ನು ನಿಷೇಧಿಸಲಾಯಿತು. ಸಾಲಿಂ ಅಲಿಯವರೂ ನಿಷೇಧದ ಪರವಾಗಿದ್ದರು. ಹಳ್ಳಿಗರು ಪ್ರತಿಭಟಿಸಿದಾಗ ಪೊಲೀಸರ ಗುಂಡಿನಿಂದ ಪ್ರಾಣಹಾನಿಯಾಯಿತು. ಅದೇ ಸೊಸೈಟಿಯು 1980ರಿಂದ ದಶಕಕಾಲ ನಡೆಸಿದ ಅಧ್ಯಯನ ತಿಳಿಸಿದ್ದು ಬೇರೆಯೇ: ನೀರಿನ ಹುಲ್ಲನ್ನು ಮೇದು ಅಂಕೆಯಲ್ಲಿಡುತ್ತಿದ್ದವು ಎಮ್ಮೆಗಳೇ, ಅವು ಇಲ್ಲವಾದ ಮೇಲೆ ಹುಲ್ಲು ದಟ್ಟವಾಗಿ ಹಬ್ಬಿ ಬಾತುಗಳಿಗೆ ಬೇಕಾದ ಬಯಲುನೀರು ಕುಗ್ಗಿತು. ತನ್ನ ಹಿರಿಯರ ಅಭಿಪ್ರಾಯಕ್ಕೇ ವಿರುದ್ಧವಾದ ಫಲಿತಾಂಶವನ್ನು ಸೊಸೈಟಿಯು ಮುಚ್ಚಿಡಲಿಲ್ಲ. ಅದರ ಹಿರಿಮೆ ಇಲ್ಲಿದೆ.

ಮಂಗನ ಕಾಯಿಲೆ ಮಲೆನಾಡಿನಲ್ಲಿ ಇಂದಿಗೂ ಮರುಕಳಿಸುತ್ತಿದೆ. 2001–02ರ ಚಳಿಗಾಲದ ಬಳಿಕ ಸೈಬೀರಿಯದ ಬಿಳಿಕೊಕ್ಕರೆಗಳು ಘನಾಕ್ಕೆ ಮರಳಿಲ್ಲ. ಕಾಡು, ದನ, ಹಕ್ಕಿ, ಮನುಷ್ಯ ಇವುಗಳ ಸಂಬಂಧವನ್ನು ಊಹೆಯಿಂದ ನಿರ್ಣಯಿಸಿದರೆ ತೆರಬೇಕಾದ ಬೆಲೆ ದೊಡ್ಡದು. ಘನಾಕ್ಕೆ ಹೋಗುವ ಕನ್ನಡಿಗರು ದೂರದರ್ಶಕದೊಡನೆ ಈ ವಿವೇಕವನ್ನೂ ಒಯ್ಯುವುದು ಒಳಿತು.