ಡಯಾಲಿಸಿಸ್ ಉಚಿತ, ಸರಿ. ಉಪ್ಪಿನ ಲೆಕ್ಕ ಕೊಡೋರು ಯಾರು?

ಕಿಡ್ನಿ ಕಾಯಿಲೆಯ ದೊಡ್ಡ ಅಪಾಯ ಅದು ನೋಯದೇ ಇರುವುದು. ಬಹುತೇಕರಿಗೆ ಶುರುವಿನಲ್ಲಿ ಏನೂ ಗೊತ್ತಾಗಲ್ಲ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ, ಇದು ಭಾರೀ ಬ್ಯಾಕಪ್ ಇರುವ ಸಿಸ್ಟಂ. ಕೆಲವು ಘಟಕ ಕೆಟ್ಟರೆ ಉಳಿದವು ಹೆಚ್ಚು ದುಡಿದು ಸರಿದೂಗಿಸುತ್ತವೆ. ನಮ್ಮನ್ನು ಯಾಮಾರಿಸುವುದೂ ಈ ಬ್ಯಾಕಪ್ಪೇ. ಕಾಲು ಊತ, ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ನೊರೆ ಮೂತ್ರ, ರಾತ್ರಿ ಪದೇ ಪದೇ ಏಳುವುದು, ಊಟ ಸೇರದಿರುವುದು, ತುರಿಕೆ - ಇವು ಕಾಣಿಸುವಷ್ಟರಲ್ಲಿ ಬಹಳಷ್ಟು ಹಾನಿ ಆಗಿರಬಹುದು.

'ಕ್ರಿಯಾಟಿನಿನ್ ನಾರ್ಮಲ್' ಅಂದರೆ ಸಾಕಾ?

ಸಾಲದು. ಕಿಡ್ನಿಯ ಅರ್ಧದಷ್ಟು ಸಾಮರ್ಥ್ಯ ಹೋಗುವವರೆಗೂ ರಕ್ತದ ಕ್ರಿಯಾಟಿನಿನ್ ನಾರ್ಮಲ್ ಎಂದೇ ತೋರಿಸಬಹುದು. ಹಾಗಾಗಿ ಎರಡು ಸಂಖ್ಯೆ ಕೇಳಿ ಪಡೆಯಿರಿ. ಒಂದು, ಕ್ರಿಯಾಟಿನಿನ್ ಮತ್ತು ವಯಸ್ಸಿನಿಂದ ಲೆಕ್ಕ ಹಾಕುವ ಇಜಿಎಫ್‌ಆರ್. ಎರಡು, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ತೋರಿಸುವ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. ಮೊದಲನೆಯದು 60ಕ್ಕಿಂತ ಕಡಿಮೆ ಅಥವಾ ಎರಡನೆಯದು 30ಕ್ಕಿಂತ ಹೆಚ್ಚು, ಮೂರು ತಿಂಗಳಾದರೂ ಹಾಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಮನೆಯಲ್ಲಿ ಶುಗರ್, ಬಿಪಿ ಇರುವವರಿಗೆ ವರ್ಷಕ್ಕೊಮ್ಮೆ ಈ ಟೆಸ್ಟ್ ಆಗಲೇಬೇಕು. ಕಿಡ್ನಿ ಕೆಡಿಸುವ ಕಾರಣಗಳಲ್ಲಿ ಮೊದಲ ಸಾಲಿನಲ್ಲಿರುವುದು ಇವೆರಡೇ.

ತಟ್ಟೆಯಲ್ಲಿ ಏನಿದೆ?

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ. ಭಾರತೀಯರು ತಿನ್ನುವುದು 8ರಿಂದ 11 ಗ್ರಾಂ ಎನ್ನುತ್ತವೆ ಅಧ್ಯಯನಗಳು. ಉಪ್ಪು ಬಿಪಿ ಏರಿಸುತ್ತದೆ, ಬಿಪಿ ಕಿಡ್ನಿ ಕೆಡಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ನೂಡಲ್ಸ್‌ಗೆ ಕಡಿವಾಣ ಹಾಕಿದರೆ ಅರ್ಧ ಕೆಲಸ ಆದಂತೆ.

ಇನ್ನು ವಾಟ್ಸ್ಯಾಪ್ ಸಲಹೆಗಳು. 'ಕಿಡ್ನಿ ಕ್ಲೀನ್' ಮಾಡುವ ಕಷಾಯ ಯಾವುದೂ ಇಲ್ಲ. ಕಿಡ್ನಿ ಈಗಾಗಲೇ ಸೋತವರಿಗೆ ಎಳನೀರು, ಬಾಳೆಹಣ್ಣು, 'ಲೋ ಸೋಡಿಯಂ' ಉಪ್ಪಿನಲ್ಲಿರುವ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ತಪ್ಪಿಸಬಹುದು. ಮೈಕೈ ನೋವಿಗೆಂದು ವಾರಗಟ್ಟಲೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವುದೂ ಕಿಡ್ನಿಗೆ ಪೆಟ್ಟು.

ಇದರಲ್ಲಿ ರಾಜಕೀಯ ಎಲ್ಲಿ ಬಂತು?

2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿತು. ಬಡವರಿಗೆ ಡಯಾಲಿಸಿಸ್ ಉಚಿತ. ಒಳ್ಳೆಯದೇ. ಆದರೆ ವಾರಕ್ಕೆ ಎರಡು-ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಮೆಷಿನ್ ಪಕ್ಕ ಮಲಗುವವರ ಆ ದಿನದ ಕೂಲಿ ಯಾರು ಕೊಡುತ್ತಾರೆ? ಜೊತೆಗೆ ಬಂದವರ ಕೂಲಿ?

ಕಾಯಿಲೆ ತಡೆಯುವ ಕಡೆಯ ಕತೆ ನೋಡಿ. ಚಿಲಿ ದೇಶ 2016ರಲ್ಲೇ ಉಪ್ಪು, ಸಕ್ಕರೆ ಹೆಚ್ಚಿರುವ ಪ್ಯಾಕೆಟ್ ಮೇಲೆ ಕಪ್ಪು ಎಚ್ಚರಿಕೆ ಮುದ್ರೆ ಕಡ್ಡಾಯ ಮಾಡಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಮುಂದಿಟ್ಟಿದ್ದು ಸ್ಟಾರ್ ರೇಟಿಂಗ್. ಎಚ್ಚರಿಸಬೇಕಾದ ಪ್ಯಾಕೆಟ್‌ಗೂ ಒಂದೆರಡು ಸ್ಟಾರ್! 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ಕೊಟ್ಟಿತು. ಗಡುವೇ ಮುಂದಕ್ಕೆ ಹೋಯಿತು.

ಅಲ್ಲಿಯವರೆಗೆ ಲೆಕ್ಕ ನಾವೇ ಹಾಕಬೇಕು. ಪ್ಯಾಕೆಟ್ ಹಿಂದಿನ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಮೊಬೈಲ್ ಇಲ್ಲದ, ಅಷ್ಟು ಸಣ್ಣ ಅಕ್ಷರ ಓದಲಾಗದ ಗ್ರಾಹಕರು ಈ ಗುಣಾಕಾರ ಹೇಗೆ ಮಾಡಬೇಕು? ಮುಂದಿನ ಸಲ ನಿಮ್ಮ ಸಂಸದರು ಡಯಾಲಿಸಿಸ್ ಘಟಕದ ಟೇಪು ಕತ್ತರಿಸಲು ಬಂದಾಗ ಈ ಪ್ರಶ್ನೆ ಕೇಳಿ.