ಗಿರಿಯಾರೋಹಣವೂ ಅರ್ಬುದ ಸಂಶೋಧನೆಯೂ

ಪರೋಪಕಾರಾರ್ಥವಾಗಿ ಹಣವನ್ನು ಕೂಡಿಸುವ ಮಾರ್ಗಗಳು ನಮ್ಮ ಪಾಠಶಾಲೆಯ ಬಳಗಕ್ಕೆ ಹೊಸವಲ್ಲ. ಸುಗ್ಗಿಯ ಕಾಣಿಕೆ, ಕೈಕೆಲಸದ ವಸ್ತುಗಳ ಮಾರಾಟ, ನಾಟಕ, ಗಾಯನ ಮುಂತಾದವನ್ನು ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಈಚೆಗೆ ದೇಶದೇಶಗಳಲ್ಲಿ ಇನ್ನೊಂದು ಮಾರ್ಗವು ರೂಢಿಗೆ ಬಂದಿರುವುದು. ಒಂದು ಪರ್ವತವನ್ನು ಏರುವೆವೆಂದು ಸಂಕಲ್ಪಿಸಿ, ಆ ಆರೋಹಣದ ನಿಮಿತ್ತವಾಗಿ ಬಂಧುಮಿತ್ರರಿಂದ ವಂತಿಗೆಯನ್ನು ಪಡೆದು, ಅದನ್ನು ಅರ್ಬುದರೋಗದ, ಅಂದರೆ ಕ್ಯಾನ್ಸರಿನ, ಸಂಶೋಧನೆಗೆ ಒಪ್ಪಿಸುವುದೇ ಆ ಮಾರ್ಗ.

ಬೆಟ್ಟವನ್ನು ಹತ್ತಿದ ಮಾತ್ರಕ್ಕೆ ರೋಗವು ವಾಸಿಯಾಗುವುದೇ, ಹಣ ಕೊಡುವವರು ಮನೆಯಲ್ಲಿ ಕುಳಿತೇ ಕೊಡಬಾರದೇ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಈ ರೋಗದ ಹೆಸರನ್ನೆತ್ತಲು ಜನರು ಅಂಜುವರು. ಸ್ತ್ರೀಯರಂತೂ ಎದೆಯಲ್ಲಿ ಗಂಟು ಕಂಡರೂ ಲಜ್ಜೆಯಿಂದ ತಿಂಗಳುಗಟ್ಟಲೆ ಮರೆಮಾಡುವರು. ಬೆಟ್ಟವನ್ನೇರುವವಳು ಮನೆಮನೆಗೆ ಹೋಗಿ ವಂತಿಗೆ ಕೇಳುವಾಗ, ಏತಕ್ಕೆಂದು ಹೇಳಲೇಬೇಕಾಗುವುದು. ಹಾಗೆ ಹೇಳಿದ ಮಾತೇ ಅರ್ಧ ಚಿಕಿತ್ಸೆ.

1995ರಲ್ಲಿ ಸ್ತನದ ಕ್ಯಾನ್ಸರಿನಿಂದ ಚೇತರಿಸಿಕೊಂಡಿದ್ದ 17 ಮಂದಿ ಸ್ತ್ರೀಯರು ದಕ್ಷಿಣ ಅಮೆರಿಕದ ಅರ್ಜೆಂಟೈನಾ ದೇಶದಲ್ಲಿರುವ ಅಕೊಂಕಾಗುವ ಪರ್ವತಕ್ಕೆ ಹೊರಟರು. ಅದರ ಎತ್ತರ ಸುಮಾರು 22,800 ಅಡಿ. ಈ ಯತ್ನಕ್ಕೆ ಮೂಲಳಾದ ಲಾರಾ ಇವಾನ್ಸ್ ಎಂಬಾಕೆಯೂ ಆ ರೋಗವನ್ನು ಅನುಭವಿಸಿದವಳೇ. ಅವರಲ್ಲಿ ಕೆಲವರು ಮಾತ್ರವೇ ಶಿಖರವನ್ನು ಮುಟ್ಟಿದರು. ಆದರೆ ಸಂಶೋಧನೆಗಾಗಿ ದ್ರವ್ಯವನ್ನು ಕೂಡಿಸುವ ಕಾರ್ಯವು ಅವರೆಲ್ಲರ ಹೆಸರಿನಿಂದಲೂ ಮುಂದುವರಿಯಿತು.

ಪರ್ವತಕ್ಕೂ ಈ ರೋಗಕ್ಕೂ ನಮ್ಮ ದಕ್ಷಿಣ ದೇಶದಲ್ಲಿಯೇ ಇನ್ನೊಂದು ಹಳೆಯ ಸಂಬಂಧವುಂಟು. ಡಾಕ್ಟರ್ ಹೋವರ್ಡ್ ಸೋಮರ್ವೆಲ್ ಎಂಬ ಆಂಗ್ಲ ಶಸ್ತ್ರವೈದ್ಯರು 1922ರಲ್ಲಿಯೂ 1924ರಲ್ಲಿಯೂ ಎವರೆಸ್ಟ್ ಯಾತ್ರೆಗಳಲ್ಲಿದ್ದವರು. ಎರಡನೆಯ ಸಲ ಆಮ್ಲಜನಕದ ಸಹಾಯವಿಲ್ಲದೆ ಸುಮಾರು 28,000 ಅಡಿಯವರೆಗೆ ಏರಿ, ಗಂಟಲು ಕಟ್ಟಿದುದರಿಂದ ಹಿಂದಿರುಗಿದರು. ಮೊದಲನೆಯ ಯಾತ್ರೆಯ ತರುವಾಯ ಅವರು ಇಂಡಿಯಾವನ್ನು ನೋಡುತ್ತ ಕನ್ಯಾಕುಮಾರಿಯ ಕಡೆಗೆ ಬಂದಾಗ, ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ಒಬ್ಬನೇ ಶಸ್ತ್ರವೈದ್ಯನು ಅಸಂಖ್ಯಾತ ರೋಗಿಗಳ ನಡುವೆ ಹೆಣಗುತ್ತಿದ್ದುದನ್ನು ಕಂಡರು. ಸ್ವದೇಶದಲ್ಲಿ ತಮಗಾಗಿ ಕಾದಿದ್ದ ಕೀರ್ತಿಯನ್ನು ಬಿಟ್ಟು ಅಲ್ಲಿಯೇ ಸೇವೆಗೆ ನಿಂತರು. 1949ರಿಂದ 1961ರವರೆಗೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕಾಲೇಜಿನಲ್ಲಿ ಬೋಧಿಸಿದರು. ಅವರು ಬೆಟ್ಟವನ್ನು ಹಣಕ್ಕಾಗಿ ಏರಿದವರಲ್ಲ. ಆದರೆ ಬೆಟ್ಟದ ದಾರಿಯೇ ಅವರನ್ನು ರೋಗಿಗಳ ಬಳಿಗೆ ತಂದಿತು.

ಆ ನೆಯ್ಯೂರಿನ ಆಸ್ಪತ್ರೆಗೆ ಬಾಯಿಯ ಕ್ಯಾನ್ಸರಿನವರು ಬಹುಮಂದಿ ಬರುತ್ತಿದ್ದರು. ಅಲ್ಲಿಯ ಇನ್ನೊಬ್ಬ ವೈದ್ಯರಾದ ಓರ್ ಎಂಬವರು, ತಿರುವಾಂಕೂರಿನಲ್ಲಿ ವೀಳ್ಯ ಜಗಿಯುವವರಿಗೆ ಈ ರೋಗವು ಬರುವ ಬಗೆಯನ್ನು ವಿಚಾರಿಸಿ, 1933ರಲ್ಲಿ ಲಂಡನ್ನಿನ ವೈದ್ಯಪತ್ರಿಕೆಯಾದ ಲ್ಯಾನ್ಸೆಟ್‌ನಲ್ಲಿ ಲೇಖನವನ್ನು ಪ್ರಕಟಿಸಿದರು. ಬಹುಕಾಲದ ಮೇಲೆ, 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು, ಹೊಗೆಸೊಪ್ಪು ಸೇರದಿದ್ದರೂ ಅಡಿಕೆಯೇ ಮನುಷ್ಯರಿಗೆ ಕ್ಯಾನ್ಸರನ್ನು ತರತಕ್ಕದ್ದೆಂಬ ನಿರ್ಣಯವನ್ನು ಪ್ರಕಟಿಸಿತು.

ಈ ಮಾತನ್ನು ಮಲೆನಾಡಿನಲ್ಲಿ ಆಡುವುದು ಸುಲಭವಲ್ಲ. ಶಿವಮೊಗ್ಗೆಯ ಸೀಮೆಯಲ್ಲಿ ಎಷ್ಟೋ ಹುಡುಗಿಯರ ಪಾಠಶಾಲೆಯ ಶುಲ್ಕವು ಅಡಿಕೆಯ ತೋಟದಿಂದಲೇ ಬಂದುದು. ಮಂಗಳಕಾರ್ಯಗಳಲ್ಲಿ ವೀಳ್ಯವಿಲ್ಲದೆ ಮರ್ಯಾದೆಯಿಲ್ಲ. ಬೆಳೆಗಾರರು ಈ ನಿರ್ಣಯವನ್ನು ಕೇಳಿ ಕಳವಳಗೊಳ್ಳುವುದು ಸಹಜ. ಆದರೂ ಬಾಯಿಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಮೂರು ವಾರಗಳಾದರೂ ಮಾಯದ ಹುಣ್ಣು, ಬಾಯಿಯನ್ನು ಪೂರ್ತಿಯಾಗಿ ತೆರೆಯಲಾಗದಿರುವುದು—ಇವುಗಳನ್ನು ಕಂಡವರು ತಡಮಾಡದೆ ವೈದ್ಯರಿಗೆ ತೋರಿಸಬೇಕು. ತೋಟದ ಮನೆಯಲ್ಲಿಯೂ ಬಾಯಿಗೆ ಬೆಲೆಯುಂಟಷ್ಟೆ! ನಿಜವನ್ನು ತಿಳಿದು, ತೋಟಕ್ಕೂ ದೇಹಕ್ಕೂ ಹಿತವಾದ ಮಾರ್ಗವನ್ನು ಹುಡುಕುವುದಕ್ಕೆ ಸಂಶೋಧನೆಯೊಂದೇ ದಾರಿ.

ಸಂಶೋಧನೆಗೆ ಕೊಟ್ಟ ಹಣವು ನೀರಿನಲ್ಲಿ ಹಾಕಿದ ಹೋಮವಲ್ಲವೆಂಬುದಕ್ಕೆ ಇನ್ನೊಂದು ದೃಷ್ಟಾಂತ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಒಂದು ವಿಷಾಣುವು ಕಾರಣವೆಂದು ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಎಂಬವರು ತೋರಿಸಿದರು. ಅವರಿಗೆ 2008ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಆ ಅರಿವಿನಿಂದ ಹುಟ್ಟಿದ ಲಸಿಕೆಯನ್ನು 9ರಿಂದ 14 ವರ್ಷದ ಹುಡುಗಿಯರಿಗೆ ಮೊದಲು ಹಾಕಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ನಮ್ಮ ಪಾಠಶಾಲೆಯ ತರಗತಿಗಳಲ್ಲಿ ಕುಳಿತಿರುವ ಎಷ್ಟೋ ಮಕ್ಕಳ ವಯಸ್ಸು ಇದೇ ಎಂಬುದನ್ನು ತಾಯಿತಂದೆಗಳು ಗಮನಿಸಬೇಕು.

ಹಣವನ್ನು ಯಾರಿಗೆ ಒಪ್ಪಿಸಬೇಕು? 1941ರಲ್ಲಿ ಮುಂಬಯಿಯಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆ, ತಮ್ಮ ತಂಗಿಯನ್ನು ಈ ರೋಗದಿಂದ ಕಳೆದುಕೊಂಡ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದಿಂದ 1954ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಆರಂಭವಾದ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಬೆಂಗಳೂರಿನ ಕಿದ್ವಾಯಿ ಸಂಸ್ಥೆ—ಇವು ಚಿಕಿತ್ಸೆಯ ಜತೆಗೆ ಸಂಶೋಧನೆಯನ್ನೂ ನಡೆಯಿಸುತ್ತಿವೆ. ಕೊಡುವಾಗ ಇದು ಸಂಶೋಧನೆಗೆಂದು ಬರೆದು ತಿಳಿಸುವುದು ಮುಖ್ಯ.

ಕ್ರಮವು ಹೀಗಿರಬಹುದು. ಕೋಟೆಯ ಬೀದಿಗಳಲ್ಲಿಯೂ ಭದ್ರಾವತಿಯಲ್ಲಿಯೂ ಇರುವ ಸಹೋದರಿಯರು ಹೊಸನಗರ ತಾಲ್ಲೂಕಿನ ಕೊಡಚಾದ್ರಿಯನ್ನು ಆರಿಸಿಕೊಂಡರೆನ್ನೋಣ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 4,400 ಅಡಿ. ನೂರು ಅಡಿಗೆ 5 ರೂಪಾಯಿಯಂತೆ ಒಬ್ಬರು ಒಪ್ಪಿಕೊಂಡರೆ 220 ರೂಪಾಯಿ. ಅಂಥವರು ನೂರು ಮಂದಿಯಾದರೆ 22,000 ರೂಪಾಯಿ. ಬಂಡಿಯ ಬಾಡಿಗೆ, ಊಟ, ವಸತಿಗಳ ವೆಚ್ಚವನ್ನು ಏರುವವರೇ ಭರಿಸಬೇಕು. ವಂತಿಗೆಯಲ್ಲಿ ಒಂದು ಕಾಸನ್ನೂ ಅದಕ್ಕೆ ಮುರಿಯಬಾರದು. ಹಣವು ಸಂಸ್ಥೆಯ ಲೆಕ್ಕಕ್ಕೆ ನೇರವಾಗಿ ಸಂದು, ರಶೀದಿಯು ಕೊಟ್ಟವರ ಕೈಗೆ ಬರಬೇಕು.

ಮಳೆಗಾಲದಲ್ಲಿ ದಾರಿಯು ಜಾರುವುದು, ಜಿಗಣೆಗಳು ಕಾಡುವುವು, ಮಂಜು ಕವಿದು ದಿಕ್ಕು ತಪ್ಪುವುದು. ಆದುದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಲೇಸು. ಅರಣ್ಯ ಇಲಾಖೆಯ ನಿಯಮಗಳನ್ನು ಮೊದಲೇ ವಿಚಾರಿಸತಕ್ಕದ್ದು. ಎರಡು ತಿಂಗಳು ಮುಂಚಿನಿಂದಲೇ ಪ್ರತಿದಿನವೂ ನಡೆದು ಕಾಲುಗಳನ್ನು ಪಳಗಿಸಬೇಕು. ವಯಸ್ಸಾದವರಿಗೆ ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಯು ಸಾಕು. ಅದರ ಮೇಲಿನ ಪ್ರಾಚೀನ ಜೈನ ಬಸದಿಯ ಬಳಿಯವರೆಗೂ ರಸ್ತೆಯಿದೆ. ಎದೆನೋವು, ಉಬ್ಬಸವುಳ್ಳವರು ವೈದ್ಯರನ್ನು ಕೇಳದೆ ಹೊರಡಕೂಡದು. ಅರ್ಧದಲ್ಲಿ ಹಿಂದಿರುಗಿದವಳ ವಂತಿಗೆಯೂ ಪೂರ್ಣವಾಗಿಯೇ ಸಲ್ಲುವುದೆಂದು ಮೊದಲೇ ಗೊತ್ತುಮಾಡಿಕೊಂಡರೆ, ಹಟದಿಂದ ಅಪಾಯಕ್ಕೆ ಒಳಗಾಗುವ ಭಯವಿರದು.

ಏರಲಾಗದವರು ಲೆಕ್ಕವನ್ನು ಬರೆಯಬಹುದು, ಬುತ್ತಿಯನ್ನು ಕಟ್ಟಬಹುದು, ತಮ್ಮ ಬೀದಿಯ ಹತ್ತು ಮನೆಗಳಿಗೆ ಹೋಗಿ ರೋಗದ ಚಿಹ್ನೆಗಳನ್ನು ತಿಳಿಯಹೇಳಬಹುದು. ಆ ಹತ್ತು ಮನೆಗಳಲ್ಲಿ ಒಬ್ಬ ತಾಯಿಯಾದರೂ ಸಕಾಲಕ್ಕೆ ವೈದ್ಯರ ಬಳಿಗೆ ಹೋದರೆ, ಪಟ್ಟ ಶ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು.